ತಾತನ ಟ್ರ್ಯಾಕ್ಟರ್ ಯಾರ ಹೆಸರಲ್ಲಿದೆ?

ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಆದರೂ ತಾತ ತಂದ ಗಾಡಿಗೆ ಗುಜರಿಯಲ್ಲಿ ಬಿಡಿಭಾಗ ಹುಡುಕಿ ಹೊಗೆಸೊಪ್ಪಿನ ಹೊಲಕ್ಕೋ ಗದ್ದೆಗೋ ಇಳಿಸುವ ಮೊಮ್ಮಕ್ಕಳಿದ್ದಾರೆ. ಓಡಿಸಲಿ, ನಮಗೂ ಖುಷಿಯೇ. ಆದರೆ ಒಮ್ಮೆ ಆರ್‌ಸಿ ತೆಗೆದು ನೋಡಿ. ತಾತ ತೀರಿಕೊಂಡು ಎಷ್ಟು ವರ್ಷವಾಯಿತು? ಹೆಸರು ಮಾತ್ರ ಇನ್ನೂ ಅವರದೇ!

ಜಮೀನಿನ ಪೌತಿ ಖಾತೆಗೆ ನಾಡಕಚೇರಿ ಅಲೆಯುವ ನಾವು ಇದನ್ನು ಮರೆತೇಬಿಡುತ್ತೇವೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಅರ್ಜಿ ಹಾಕಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಕೆಎ-45 ಕಚೇರಿ ಹುಣಸೂರಲ್ಲೇ ಇದೆ. ಟ್ರೈಲರ್ ಮಗುಚಿದ ದಿನ ವಿಮೆಯವರು ಮೊದಲು ಕೇಳುವುದೇ ಈ ಕಾಗದ. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುವಾಗಲೇ ಸಹಿ ಹಾಕಿಸಿಕೊಳ್ಳಿ. ಪಾಲಾದ ಮೇಲೆ ಯಾರು ಹಾಕಿಕೊಡುತ್ತಾರೆ?