ಬೆಟ್ಟಕ್ಕೆ ಬೇಸಿಗೆಯೊಂದೇ ಕಾಲವೇ?

ಮಕ್ಕಳ ಶಾಲೆಗಳಿಗೆ ಬೇಸಿಗೆಯ ರಜ ಬಂದಿತೆಂದರೆ ನಮ್ಮ ಬಯಲುಸೀಮೆಯ ಮನೆಮನೆಗಳಲ್ಲಿ ಒಂದೇ ಪ್ರಶ್ನೆ: “ಈ ಸಲ ಯಾವ ಬೆಟ್ಟಕ್ಕೆ?” ಬಿಸಿಲಿನ ಬೇಗೆಯಿಂದ ಪಾರಾಗಲು ಸಂಸಾರಸಮೇತ ಗಿರಿಧಾಮಗಳಿಗೆ ಹೋಗಿಬರುವುದು ಒಳ್ಳೆಯ ಪದ್ಧತಿಯೇ ಸರಿ. ಆದರೆ ನಾವೆಲ್ಲರೂ ಒಂದೇ ತಿಂಗಳಿನಲ್ಲಿ, ಅದರಲ್ಲಿಯೂ ಶನಿವಾರ ಭಾನುವಾರಗಳಲ್ಲಿಯೇ ಹೊರಡುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ. ಬೆಟ್ಟಕ್ಕೆ ಹನ್ನೆರಡು ತಿಂಗಳೂ ಚೆಲುವಿದೆ. ನನಗೆ ತಕ್ಕಮಟ್ಟಿಗೆ ಪರಿಚಯವಿರುವ ಮಡಿಕೇರಿಯ ಉದಾಹರಣೆಯಿಂದಲೇ ಈ ಮಾತನ್ನು ವಾಚಕರ ಮುಂದಿಡುತ್ತೇನೆ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರು ಎತ್ತರದಲ್ಲಿರುವ ಊರು. ಮೈಸೂರಿನಿಂದ ಸುಮಾರು 120 ಕಿಲೋಮೀಟರು. ಕೊಡಗು ಜಿಲ್ಲೆಗೆ ರೈಲುದಾರಿಯಿಲ್ಲವಾದ್ದರಿಂದ ಹೋಗುವವರೆಲ್ಲರೂ ರಸ್ತೆಯನ್ನೇ ನಂಬಬೇಕು. ನನ್ನ ಸೋದರತ್ತೆಯ ಮನೆ ಅಲ್ಲಿದೆ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಶನಿವಾರ, ತಂದೆ ತಾಯಿ ತಂಗಿ ಅಜ್ಜಿಯರೊಡನೆ ನಾನೂ ಅಲ್ಲಿಗೆ ಹೊರಟೆ. ಊರು ಇನ್ನೇನು ಬಂದಿತೆನ್ನುವಾಗ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡ ಬಸ್ಸು ಒಂದು ಗಂಟೆಗೂ ಮಿಕ್ಕಿ ಕದಲಲಿಲ್ಲ. ಸೂರ್ಯಾಸ್ತವನ್ನು ನೋಡಬೇಕೆಂಬ ಅಜ್ಜಿಯ ಆಸೆಗಾಗಿ ನೇರವಾಗಿ ರಾಜಾಸೀಟಿಗೆ ಹೋದೆವು. ಕಂಡದ್ದು ಮುಂದೆ ನಿಂತವರ ಬೆನ್ನುಗಳು, ಮೇಲೆತ್ತಿ ಹಿಡಿದ ಮೊಬೈಲುಗಳು. “ಸೂರ್ಯ ಮುಳುಗಿದನೇನೋ?” ಎಂದು ಅಜ್ಜಿ ಕೇಳಿದರು. “ಕತ್ತಲಾಯಿತಲ್ಲ ಅಜ್ಜಿ, ಮುಳುಗಿರಬೇಕು” ಎಂದೆ.

ಮನೆ ಸೇರಿದರೆ ನಲ್ಲಿಯಲ್ಲಿ ನೀರಿಲ್ಲ. ಅತ್ತೆ ಕೆಳಗಿನ ಮನೆಯವರ ಬಾವಿಯಿಂದ ಬಿಂದಿಗೆ ಹೊತ್ತು ಮೆಟ್ಟಿಲೇರಿ ಬರುತ್ತಿದ್ದರು. “ಮಳೆಗಾಲದಲ್ಲಿ ಎಲ್ಲಿ ನೋಡಿದರೂ ನೀರು, ನೀವು ಬರೋ ಕಾಲಕ್ಕೆ ಕೈ ತೊಳೆಯೋಕೂ ಇಲ್ಲ ನೋಡಪ್ಪ” ಎಂದು ನಕ್ಕರು. ಅವರು ನಕ್ಕರೂ ನನಗೆ ನಾಚಿಕೆಯಾಯಿತು. ತಂಪನ್ನು ಅರಸಿ ಹೋದ ನಾವು, ಊರವರಿಗೇ ಸಾಲದ ನೀರಿನಲ್ಲಿ ಪಾಲು ಕೇಳಲು ಹೋದಂತಾಗಿತ್ತು.

ಅಂದಿನಿಂದ ಬೇರೆ ಬೇರೆ ಕಾಲಗಳಲ್ಲಿ ಹೋಗಿ ನೋಡಿದ್ದೇನೆ. ಫೆಬ್ರವರಿಯಿಂದ ಏಪ್ರಿಲಿನೊಳಗೆ ಒಂದು ಹದವಾದ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಕಾಫಿಯ ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯಂತೆ ಘಮಘಮಿಸುತ್ತದೆ. ಕೆಲವೇ ದಿನಗಳ ಆ ಸೊಬಗು ಮೇ ತಿಂಗಳಲ್ಲಿ ಹೋದವರಿಗಿಲ್ಲ. ಮಳೆ ಇಳಿಮುಖವಾದ ಮೇಲೆ ಅಬ್ಬಿ ಜಲಪಾತ ತುಂಬಿ ಧುಮುಕುತ್ತಿರುತ್ತದೆ. ದಸರೆಯಲ್ಲಿ ಹತ್ತು ದೇವಾಲಯಗಳ ಮಂಟಪಗಳ ಮೆರವಣಿಗೆ. ಅಕ್ಟೋಬರಿನ ನಡುವೆ ತಲಕಾವೇರಿಯಲ್ಲಿ ತುಲಾಸಂಕ್ರಮಣದ ತೀರ್ಥೋದ್ಭವ. ನವೆಂಬರು ಡಿಸೆಂಬರುಗಳಲ್ಲಿ ಹೊಸ ಭತ್ತದ ಕದಿರನ್ನು ಮನೆಗೆ ತರುವ ಹುತ್ತರಿ. ಆಮೇಲೆ ಕೆಂಪು ಕಾಫಿಹಣ್ಣಿನ ಕೊಯ್ಲು, ಕಣದಲ್ಲಿ ಒಣಗುವ ರಾಶಿಗಳು, ಹೊತ್ತೇರಿದರೂ ಬಿಡದ ಮಂಜು. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನಂತೂ ಯಾವ ತಿಂಗಳಲ್ಲಿ ಬೇಕಾದರೂ ನೋಡಬಹುದು.

“ಮಕ್ಕಳಿಗೆ ರಜ ಬೇಡವೇ? ಮಳೆಯಲ್ಲಿ ಬೆಟ್ಟ ಕುಸಿದರೆ ಗತಿಯೇನು?” ಎಂದು ಆಕ್ಷೇಪಿಸುವವರುಂಟು. ಎರಡೂ ನ್ಯಾಯವಾದ ಆಕ್ಷೇಪಗಳೇ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದು ಜನ ಮನೆಮಠ ಕಳೆದುಕೊಂಡದ್ದನ್ನು ಯಾರು ಮರೆತಾರು? 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು. ಜಡಿಮಳೆಯ ವಾರಗಳಲ್ಲಿ, ಮುನ್ನೆಚ್ಚರಿಕೆ ಕೊಟ್ಟಿರುವ ದಿನಗಳಲ್ಲಿ ಯಾರೂ ಹೋಗಕೂಡದು. ಆದರೆ ಉಳಿದ ತಿಂಗಳುಗಳು ಕಡಮೆಯೇನಿಲ್ಲ. ಶಾಲೆಗಳಿಗೆ ದಸರೆಯ ರಜವೂ ಇದೆ. ಒಂದು ಮಾತನ್ನು ಮರೆಯಬಾರದು. ಎಲ್ಲರೂ ಒಟ್ಟಿಗೆ ನುಗ್ಗುವುದರಿಂದಲೇ ಗುಡ್ಡವನ್ನು ಕಡಿದು ಇನ್ನಷ್ಟು ಕೊಠಡಿಗಳನ್ನು ಕಟ್ಟುವ ಆಸೆ ಹುಟ್ಟುತ್ತದೆ. ಮೇ ತಿಂಗಳಿಗಾಗಿ ಕಟ್ಟಿದ ಆ ಕೊಠಡಿಗಳು ಜುಲೈ ತಿಂಗಳ ಮಳೆಯಲ್ಲಿಯೂ ಅದೇ ಇಳಿಜಾರಿನಲ್ಲಿ ನಿಂತಿರಬೇಕು.

ಉದಕಮಂಡಲದ ಕಡೆಗೆ ನೋಡೋಣ. ಅಲ್ಲಿಗೂ ಕೊಡೈಕೆನಾಲಿಗೂ ವಾಹನಗಳಲ್ಲಿ ಹೋಗುವವರು ಇ-ಪಾಸ್ ಪಡೆಯಬೇಕೆಂಬ ನಿಯಮ, ಮದರಾಸಿನ ಹೈಕೋರ್ಟಿನ ಆದೇಶದಂತೆ, 2024ರ ಮೇ 7ರಿಂದ ಬಂದಿತು. ನಮ್ಮ ಬೆಟ್ಟಗಳಿಗೂ ಬಾಗಿಲು ಹಾಕಿಸುವವರೆಗೆ ನಾವು ಕಾಯಬೇಕೇ? ವಿದ್ಯಾವಂತರೆನಿಸಿಕೊಂಡವರು ತಾವಾಗಿಯೇ ಕಾಲವನ್ನು ಹಂಚಿಕೊಳ್ಳಬಾರದೇ? ಹಾಗೆ ಮಾಡಿದರೆ ಊರಿನ ಅಂಗಡಿಯವನಿಗೂ ಆಟೋದವನಿಗೂ ವರ್ಷಪೂರ್ತಿ ಸಂಪಾದನೆ. ಅತ್ತೆಯಂಥವರಿಗೆ ಮನೆಯಲ್ಲಿಯೇ ನೀರು. ನಮ್ಮಂಥ ಕೈಬಿಗಿ ಸಂಸಾರಗಳಿಗೆ ಕಡಮೆ ಬಾಡಿಗೆಯ ಕೋಣೆ.

ಕಳೆದ ನವೆಂಬರಿನ ಒಂದು ಮಂಗಳವಾರ ಅಜ್ಜಿಯನ್ನು ಮತ್ತೆ ರಾಜಾಸೀಟಿಗೆ ಕರೆದುಕೊಂಡು ಹೋಗಿದ್ದೆ. ಜನ ವಿರಳ, ಕಲ್ಲುಬೆಂಚಿನಲ್ಲಿ ಸ್ಥಳ ಸಿಕ್ಕಿತು. ಕಣಿವೆಯಾಚೆ ಬೆಟ್ಟದ ಸಾಲುಗಳು ಒಂದರ ಹಿಂದೊಂದು ನೀಲಿಯಾದವು. ಅಜ್ಜಿ ಶಾಲು ಹೊದ್ದು ಕಣ್ಣು ಕೀಲಿಸಿ ಕುಳಿತಿದ್ದರು. ಈ ಸಲ ನಾನು ಹೇಳಬೇಕಾಗಲಿಲ್ಲ. “ಈಗ ಮುಳುಗಿದ ನೋಡು” ಎಂದು ಅವರೇ ನನಗೆ ತೋರಿಸಿದರು.

— ಒಬ್ಬ ವಿದ್ಯಾರ್ಥಿ, ದ್ವಿತೀಯ ಬಿ.ಎ.