ಅಗ್ಗದ ರಿವಾಲ್ವರ್: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ದೆಹಲಿಯಲ್ಲಿ 2012ರ ಡಿಸೆಂಬರ್ 16ರಂದು ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ತರುವಾಯ, ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯು ಮಹಿಳೆಯರಿಗೆಂದೇ ರಿವಾಲ್ವರ್ ಒಂದನ್ನು ರೂಪಿಸಿ 2014ರ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು. ಹೆಸರು 'ನಿರ್ಭೀಕ್'. .32 ಬೋರ್, ಟೈಟಾನಿಯಂ ಮಿಶ್ರಲೋಹ, 500 ಗ್ರಾಂ ತೂಕ, ಒಡವೆ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿ. ಆಗಿನ ಬೆಲೆ ಮಾತ್ರ 1,22,360 ರೂಪಾಯಿ. ಇಷ್ಟು ಹಣ ತೆತ್ತು ಧೈರ್ಯ ಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಾಗ, ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ 'ನಿಡರ್' ಉತ್ತರವೆಂಬಂತೆ ಬಂದಿತು. ತೂಕ 250 ಗ್ರಾಂ, ಆಗಿನ ಬೆಲೆ ಸುಮಾರು 35 ಸಾವಿರ.

ಮೇಲ್ನೋಟಕ್ಕೆ ಇದು ಲಾಭದ ವ್ಯವಹಾರ. ಆದರೆ ಅಗ್ಗವಾದದ್ದು ಬೆಲೆಯೊಂದೇ ಅಲ್ಲ. ನಿಡರ್ .22 ಬೋರಿನದು. ಶೂಟಿಂಗ್ ಕ್ಲಬ್ಬುಗಳಲ್ಲಿ ಕಾಗದದ ಗುರಿಗೆ ಹೊಡೆಯಲು ಬಳಸುವಂಥ ಸಣ್ಣ ಗುಂಡು. ಮಾರಣಾಂತಿಕವಾಗಬಲ್ಲದು ನಿಜ, ಆದರೆ ಮೈಮೇಲೆ ಬೀಳುವವನನ್ನು ತಕ್ಷಣ ತಡೆದು ನಿಲ್ಲಿಸುವ ಶಕ್ತಿ ಅದಕ್ಕೆ ಕಡಿಮೆ. ಈ ಬಗೆಯ ಗುಂಡು ಸಿಡಿಯದೆ ಕೈಕೊಡುವ ಪ್ರಸಂಗಗಳೂ ದೊಡ್ಡ ಬೋರಿನವಕ್ಕಿಂತ ಹೆಚ್ಚು. ರಿವಾಲ್ವರ್ ಆದ್ದರಿಂದ ಮತ್ತೊಮ್ಮೆ ಕುದುರೆ ಎಳೆದರೆ ಮುಂದಿನ ಗುಂಡು ಎದುರಿಗೆ ಬರುತ್ತದೆ ಎಂಬುದಷ್ಟೇ ಸಮಾಧಾನ. ಇತ್ತ .32 ಹಗುರವಾದಷ್ಟೂ ಕೈಗೆ ಒದೆ ಜಾಸ್ತಿ. ಅಂದರೆ ವ್ಯಾನಿಟಿ ಬ್ಯಾಗಿಗೆ ಅನುಕೂಲವಾದದ್ದು ಗುರಿಗೆ ಅನಾನುಕೂಲ!

ಆಮದು ಪಿಸ್ತೂಲು ತರಿಸೋಣವೆಂದರೆ, ಖಾಸಗಿ ಬಳಕೆಗಾಗಿ ವಿದೇಶಿ ಬಂದೂಕು ತರಿಸಿಕೊಳ್ಳುವ ದಾರಿ 1980ರ ದಶಕದಲ್ಲೇ ಜನಸಾಮಾನ್ಯರಿಗೆ ಮುಚ್ಚಿದೆ.

ಅಂಗಡಿಯ ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳೇ ನಿಜವಾದ ಖರ್ಚು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊದಲು ಪರವಾನಗಿ, ಅದಕ್ಕೂ ಮೊದಲು ಪೊಲೀಸ್ ವರದಿ. ಜೀವಭಯವಿದೆ ಎಂದು ಹೇಳಿದರೆ ಸಾಲದು, ಅಧಿಕಾರಿಗೆ ಮನವರಿಕೆಯಾಗಬೇಕು. ಸುರಕ್ಷತಾ ತರಬೇತಿಯ ಮಾತು 2016ರ ನಿಯಮಾವಳಿಯಲ್ಲಿದೆ. ಅಭ್ಯಾಸಕ್ಕೆ ಕ್ಲಬ್ಬಿನ ಸದಸ್ಯತ್ವ, ಗುಂಡುಗಳ ಬೆಲೆ, ಮನೆಯಲ್ಲಿ ಮಕ್ಕಳ ಕೈಗೆಟುಕದ ಕಬ್ಬಿಣದ ಪೆಟ್ಟಿಗೆ, ಇವೆಲ್ಲ ಪ್ರತ್ಯೇಕ. ಚುನಾವಣೆ ಘೋಷಣೆಯಾದರಂತೂ ಬಂದೂಕನ್ನು ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಿ ಬರಬೇಕಾದೀತು. ಕರ್ನಾಟಕದ ಪರವಾನಗಿದಾರರಿಗೆ 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳಲ್ಲಿ ಇದರ ಅನುಭವವಾಗಿದೆ. ಮಲೆನಾಡಿನ ಒಂಟಿಮನೆಯ ಬೆಳೆಗಾರರ ಗೊಣಗಾಟ ಇಂದಿನದೇನಲ್ಲ. ಹಾಗೆ ನೋಡಿದರೆ ಆ ತೋಟದ ಮನೆಗೂ ಬೇಕಾದದ್ದು ತೋಟಾಕೋವಿಯೇ ಹೊರತು ಅಂಗೈಯಗಲದ ರಿವಾಲ್ವರ್ ಅಲ್ಲ.

ಇನ್ನು ಗುಂಡು ಹಾರಿಸಿದ ಬಳಿಕದ ಕಥೆ. ಆತ್ಮರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಅಪಾಯಕ್ಕೆ ತಕ್ಕಷ್ಟೇ ಬಲ ಎಂಬ ಮಿತಿಯೂ ಜತೆಗಿದೆ. ಸರ ಕಸಿದು ಓಡುವವನ ಬೆನ್ನಿಗೆ ಹೊಡೆದವರು ನ್ಯಾಯಾಲಯದಲ್ಲಿ ಉತ್ತರಿಸಬೇಕಾಗುತ್ತದೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸಿದರೂ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಮತ್ತೊಂದು ಕಟುಸತ್ಯ. ದುಷ್ಕರ್ಮಿಗಳು ಈ ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಗಳಲ್ಲಿ ತನಿಖೆ ಬೊಟ್ಟು ಮಾಡಿದ್ದು 7.65 ಮಿ.ಮೀ. ನಾಡ ಪಿಸ್ತೂಲಿನತ್ತ. ಇಬ್ಬರ ಮೇಲೂ ದಾಳಿ ನಡೆದದ್ದು ಅವರ ಮನೆಬಾಗಿಲಲ್ಲೇ, ಕ್ಷಣಮಾತ್ರದಲ್ಲಿ. ಅಂಥ ಹೊತ್ತಿನಲ್ಲಿ ಬ್ಯಾಗಿನ ತಳದಲ್ಲಿರುವ ರಿವಾಲ್ವರ್ ಹುಡುಕಲು ಸಮಯ ಸಿಗುವುದು ಸಿನಿಮಾದಲ್ಲಿ ಮಾತ್ರ.

ಹೀಗಾಗಿ ತಡರಾತ್ರಿ ಕಚೇರಿಯಿಂದ ಮರಳುವ ನಗರವಾಸಿಗೆ ಇಂಥ ಅಗ್ಗದ ರಿವಾಲ್ವರ್ ತಕ್ಕ ಖರೀದಿ ಅಲ್ಲವೆಂದೇ ಹೇಳಬೇಕು. ನಿಜವಾದ ಬೆದರಿಕೆಯಿದ್ದು, ಪರವಾನಗಿಯೂ ಸಿಕ್ಕವರು ಬೆಲೆ ನೋಡದೆ .32 ಬೋರಿನ, ಕೊಂಚ ಭಾರದ್ದನ್ನೇ ಆರಿಸುವುದು ಲೇಸು. ಅಂಗಡಿಗೆ ಹೋಗುವ ಮುನ್ನ, ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಲು ಊರಿನಲ್ಲಿ ಜಾಗವಿದೆಯೇ ಎಂದು ವಿಚಾರಿಸಿಕೊಳ್ಳಲಿ.