ಸೂಲಗಿತ್ತಿ ನರಸಮ್ಮನವರ ಸ್ಮರಣೆ

ಕಲ್ಯಾಣದ ಸೀಮೆಯಲ್ಲಿ ಬಾಳುವ ನಮಗೆ ‘ಕಾಯಕ’, ‘ದಾಸೋಹ’ ಎಂಬೆರಡು ಮಾತುಗಳು ತೊಟ್ಟಿಲಲ್ಲಿಯೇ ಕಿವಿಗೆ ಬಿದ್ದಂಥವು. ಹನ್ನೆರಡನೆಯ ಶತಮಾನದ ಶರಣೆ ಅಕ್ಕ ನಾಗಮ್ಮನವರ ಹೆಸರಿನ ಗವಿಯು ಇಂದಿಗೂ ಬಸವಕಲ್ಯಾಣದಲ್ಲಿರುವದು. ಅಕ್ಕಿಯನ್ನು ಆಯ್ದು ತರುವ ಮಾರಯ್ಯನು ಒಂದು ದಿನ ಹೆಚ್ಚಾಗಿ ತರಲು, ‘ನಮಗೇಕೆ ಇಷ್ಟು? ಅಲ್ಲಿಯೇ ಸುರಿದು ಬಾ’ ಎಂದು ಪತ್ನಿ ಲಕ್ಕಮ್ಮನು ಹಿಂದಕ್ಕೆ ಕಳಿಸಿದ ಕಥೆಯನ್ನು ಕೇಳದ ಮನೆಯು ಕಲ್ಯಾಣ, ಹುಮನಾಬಾದಗಳ ಸುತ್ತಿನಲ್ಲಿ ವಿರಳ. ಆದರೆ ಅದು ಪುರಾತನರ ಮಾತೆಂದು ಕೈಮುಗಿದು ಸುಮ್ಮನಾಗುವದು ಸುಲಭ. ನಮ್ಮ ಕಾಲದಲ್ಲಿಯೇ ಹಾಗೆ ಬಾಳಿದವರುಂಟೆ ಎಂದು ಮಕ್ಕಳು ಕೇಳಿದರೆ ಏನು ಹೇಳಬೇಕು? ರಾಜ್ಯದ ಇನ್ನೊಂದು ತುದಿಯ ಪಾವಗಡದ ಕಡೆಗೆ ಬೆರಳು ತೋರಿಸಬಹುದು ಎಂಬುದು ನಮ್ಮ ಅಭಿಪ್ರಾಯ.

ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ನರಸಮ್ಮನವರು ಜನಿಸಿದರು. ಶಾಲೆಯ ಹೊಸ್ತಿಲನ್ನು ತುಳಿಯಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಸೂಲಗಿತ್ತಿಯಾಗಿದ್ದ ಅಜ್ಜಿ ಮರಿಗೆಮ್ಮನವರೇ ಅವರಿಗೆ ಗುರು. ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಹೆರಿಗೆ ಮಾಡಿಸಿದರು. ಅಂದಿನಿಂದ ಸುಮಾರು ಎಪ್ಪತ್ತು ವರುಷ ಅವರ ಕೈ ಮೇಲೆ ಹುಟ್ಟಿದ ಕೂಸುಗಳು 15,000ಕ್ಕೂ ಹೆಚ್ಚೆಂದು ಎಣಿಕೆ. ಇದಾವುದಕ್ಕೂ ಅವರು ಹಣ ಪಡೆಯಲಿಲ್ಲ. ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತು, ನಾಲ್ವರನ್ನು ಕಳೆದುಕೊಂಡ ತಾಯಿಯಾಕೆ. ಇಪ್ಪತ್ತೆರಡು ಮೊಮ್ಮಕ್ಕಳ ಅಜ್ಜಿ. ಉಳ್ಳವರು ಉಳಿದುದನ್ನು ಕೊಡುವದು ದಾನ. ಇಲ್ಲದವರು ತಮ್ಮ ನಿದ್ರೆಯನ್ನೂ ದಿನವನ್ನೂ ಕೊಡುವದಕ್ಕೆ ದಾನವೆಂಬ ಹೆಸರು ಸಾಲದು.

2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನೂ ನೀಡಿದವು. ಅದೇ ವರ್ಷ ಡಿಸೆಂಬರ 25ರಂದು ಬೆಂಗಳೂರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಅವರು ದೇಹ ಬಿಟ್ಟರು.

ಇಂಥ ಜೀವನವನ್ನು ನೆನೆಯುವಾಗ ಒಂದು ಎಚ್ಚರಿಕೆ ಅವಶ್ಯ. ‘ಹಿಂದಿನವರೆಲ್ಲ ಮನೆಯಲ್ಲಿಯೇ ಹೆರಲಿಲ್ಲವೆ? ಆಸ್ಪತ್ರೆ ಏಕೆ?’ ಎಂದು ವಾದಿಸುವ ಹಿರಿಯರು ಇನ್ನೂ ಇರುವರು. ಹಿಂದಿನವರು ಹೆತ್ತರು, ನಿಜ. ಎಷ್ಟು ಮಂದಿ ಹೆರಿಗೆಯಲ್ಲಿಯೇ ಸತ್ತರೆಂಬುದನ್ನು ಈ ವಾದವು ಮರೆಯುವದು. ಕರ್ನಾಟಕದಲ್ಲಿ ಲಕ್ಷ ಸಜೀವ ಜನನಗಳಿಗೆ ಸಾಯುತ್ತಿದ್ದ ತಾಯಂದಿರ ಸಂಖ್ಯೆಯು 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ಇದೇ ಕಾಲದಲ್ಲಿ ಆಸ್ಪತ್ರೆಯ ಹೆರಿಗೆಗಳು ಹೆಚ್ಚುತ್ತ ಬಂದು, 2019-21ರ ಸಮೀಕ್ಷೆಯಲ್ಲಿ ನೂರಕ್ಕೆ 97 ಆದವು. ರಕ್ತಸ್ರಾವ, ನಂಜು, ಏರಿದ ರಕ್ತದೊತ್ತಡ ಇವುಗಳ ಎದುರು ಎಷ್ಟು ಪಳಗಿದ ಕೈಯೂ ಒಂಟಿಯಾಗಿ ನಿಲ್ಲಲಾರದು. ಬಸವಕಲ್ಯಾಣದಲ್ಲಿಯೂ ಹುಮನಾಬಾದದಲ್ಲಿಯೂ ಸರಕಾರಿ ಆಸ್ಪತ್ರೆಗಳಿರುವಾಗ ಸೊಸೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವದು ನರಸಮ್ಮನವರಿಗೆ ಸಲ್ಲಿಸುವ ಗೌರವವಲ್ಲ.

ಹಾಗಾದರೆ ಅವರಿಂದ ನಾವು ಕಲಿಯಬೇಕಾದುದೇನು? ಸೂಲಗಿತ್ತಿಯು ಕೂಸನ್ನು ಹೊರತರುವದಷ್ಟೇ ಅಲ್ಲ, ನೋವು ತಿನ್ನುವವಳ ಪಕ್ಕದಲ್ಲಿಯೇ ಇರುವಳು. ಬೆನ್ನು ನೀವುವದು, ನೀರು ಕೊಡುವದು, ‘ಹೆದರಬೇಡ ಮಗಳೆ’ ಎನ್ನುವದು, ಇವೂ ಆ ವಿದ್ಯೆಯ ಅಂಗಗಳೇ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗಾರವನ್ನು ವರ್ಣಿಸುವಾಗ, ಹಲವು ಸಲ ಹೆತ್ತು ಅನುಭವವುಳ್ಳ, ಸ್ನೇಹಶೀಲರಾದ ಸ್ತ್ರೀಯರು ಗರ್ಭಿಣಿಯ ಸುತ್ತಲೂ ಇರಬೇಕೆಂದು ವಿಧಿಸಿದೆ. 2016ರಲ್ಲಿ ಕೇಂದ್ರ ಸರಕಾರವು ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆಗೆ ಆಪ್ತ ಸ್ತ್ರೀಯೊಬ್ಬಳು ಇರಬಹುದೆಂದು ಸೂಚಿಸಿತು. ಆಕೆ ತಾನೂ ಹೆತ್ತವಳಾಗಿದ್ದರೆ ಉತ್ತಮವೆಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೆರುವವಳು ತಾನೇ ಆರಿಸಿದ ಒಬ್ಬರು ಜೊತೆಗಿರಬೇಕೆಂದು ಶಿಫಾರಸು ಮಾಡಿತು. ಪುರಾತನ ಶಾಸ್ತ್ರವೂ ನೂತನ ವೈದ್ಯವೂ ಒಂದೇ ಮಾತನ್ನಾಡುತ್ತಿರುವಾಗ ನಮ್ಮ ಮನೆಗಳು ಮಾತ್ರ ಕೇಳದಿರುವದು ಸರಿಯೆ?

ಗೃಹಸ್ಥರು ಮಾಡಬೇಕಾದುದು ಹೆಚ್ಚೇನಲ್ಲ. ದಿನ ತುಂಬುವ ಮೊದಲೇ ಗರ್ಭಿಣಿಯನ್ನು, ‘ನಿನ್ನ ಜೊತೆಗೆ ಯಾರು ಇರಬೇಕವ್ವ?’ ಎಂದು ಕೇಳಿರಿ. ಆಕೆ ಹೇಳಿದ ಹೆಸರನ್ನೇ ಒಪ್ಪಿರಿ. ಆಕೆ ಒಳಗೆ ಇರಬಹುದೆ ಎಂದು ದಾದಿಯರನ್ನು ಮುಂಚಿತವಾಗಿಯೇ ವಿಚಾರಿಸಿರಿ. ರಾತ್ರಿಯಲ್ಲಿ ನೋವು ಬಂದರೆ 108ಕ್ಕೆ ಕರೆ ಮಾಡುವವರು ಯಾರು, ಮನೆಯ ಮಕ್ಕಳನ್ನು ನೋಡುವವರು ಯಾರು ಎಂಬುದು ಹಗಲಿನಲ್ಲಿಯೇ ನಿಶ್ಚಯವಾಗಲಿ.

ಇನ್ನೊಂದು ಮಾತು ನಮ್ಮ ಕಡೆಯ ಆಯಿಗಳಿಗೆ. ನಿಮ್ಮ ಓಣಿಯಲ್ಲಿ ತವರು ದೂರವಾದ, ಅತ್ತೆಯಿಲ್ಲದ, ಕೂಲಿಗಾಗಿ ಬಂದು ನೆಲೆಸಿದ ಹೆಣ್ಣುಮಗಳೊಬ್ಬಳು ಇದ್ದೇ ಇರುವಳು. ಅವಳ ಜಾತಿ, ಊರು ಕೇಳದೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕುಳಿತುಕೊಳ್ಳಿರಿ. ಅದಕ್ಕೆ ಪದವಿ ಬೇಡ, ಹಣ ಬೇಡ. ಹೆತ್ತ ಅನುಭವವು ನಿಮ್ಮಲ್ಲಿ ಈಗಾಗಲೇ ಇದೆ. ಹೆರಿಗೆ ಮಾಡಿಸುವ ಭಾರವನ್ನು ವೈದ್ಯರು ಹೊರುವರು. ಜೊತೆಗಿರುವ ಕಾಯಕವು ಮಾತ್ರ ನಿಮಗಾಗಿ ಉಳಿದಿರುವದು.